ಪರರ ಮಕ್ಕಳು ಬೆಳೆಯುವ ಮನೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ವೇಗದ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ರೆಡಿಂಗ್ ಊರು. ಅಲ್ಲಿಂದ ಬಸ್ಸಿನಲ್ಲಿ ಆಗ್ನೇಯ ದಿಕ್ಕಿಗೆ ಹೊರಟರೆ ಲೋವರ್ ಅರ್ಲಿ. 1970ರ ದಶಕದ ಕೊನೆಯಿಂದ ಹೊಲಗದ್ದೆಗಳ ಮೇಲೆ ಎದ್ದ ಬಡಾವಣೆ ಇದು. ಕೆಂಪು ಇಟ್ಟಿಗೆಯ ಜೋಡಿ ಮನೆಗಳು, ಮುಂದೆ ದಾರಿಯಿಲ್ಲದೆ ನಿಂತುಬಿಡುವ ಗಲ್ಲಿಗಳು, ದಕ್ಷಿಣದ ಅಂಚಿನಲ್ಲಿ ಎಂ4 ಹೆದ್ದಾರಿಯ ಮೊರೆತ. ಸಾಫ್ಟ್‌ವೇರ್ ಕಂಪನಿಗಳು ಹತ್ತಿರದಲ್ಲೇ ಇರುವುದರಿಂದ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ತೆಲುಗು, ತಮಿಳು, ಹಿಂದಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ.

ನಾನು ನೋಡಲು ಬಂದದ್ದು ಇಂಥ ಒಂದು ಗಲ್ಲಿಯ ಕೊನೆಯ ಮನೆ. ಇಲ್ಲಿ ಐವತ್ತು ದಾಟಿದ ಇಂಗ್ಲಿಷ್ ಹೆಣ್ಣುಮಗಳೊಬ್ಬರು ಇಪ್ಪತ್ತು ವರ್ಷಗಳಿಂದ ಬೇರೆಯವರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ಇವರನ್ನು ಚೈಲ್ಡ್‌ಮೈಂಡರ್ ಎನ್ನುತ್ತಾರೆ. ಮಗುವಿನ ಮನೆಗೇ ಹೋಗಿ ನೋಡಿಕೊಳ್ಳುವ ನ್ಯಾನಿ ಬೇರೆ, ಕಟ್ಟಡ ಕಟ್ಟಿ ಹತ್ತಾರು ಮಂದಿಯನ್ನು ಕೆಲಸಕ್ಕಿಟ್ಟುಕೊಂಡ ನರ್ಸರಿ ಬೇರೆ. ಚೈಲ್ಡ್‌ಮೈಂಡರ್ ತನ್ನದೇ ಮನೆಯಲ್ಲಿ, ಹೆಚ್ಚಿನಂಶ ಒಬ್ಬಳೇ, ಈ ಕೆಲಸ ಮಾಡುತ್ತಾಳೆ. ಆಕೆಯ ಅಡುಗೆಮನೆ, ಮಲಗುವ ಕೋಣೆ, ಹಿತ್ತಲು ಎಲ್ಲವೂ ಸರ್ಕಾರದ ನಿಯಮಕ್ಕೆ ಒಳಪಟ್ಟ ಜಾಗಗಳು. ಆ ನಿಯಮ ಮನೆಯೊಳಗೆ ಹೇಗೆ ಬದುಕುತ್ತಿದೆ ಎಂದು ನೋಡುವುದು ನನ್ನ ಉದ್ದೇಶವಾಗಿತ್ತು.

ಬಾಗಿಲು ತೆರೆದವರು ಮೊದಲು ನನ್ನ ಗುರುತಿನ ಚೀಟಿ ಕೇಳಿದರು. ಆಮೇಲೆ ಸಂದರ್ಶಕರ ಪುಸ್ತಕದಲ್ಲಿ ಹೆಸರು, ಬಂದ ಹೊತ್ತು, ಬಂದ ಕಾರಣ ಬರೆಸಿಕೊಂಡರು. ಫೋನ್ ಬಾಗಿಲ ಬಳಿಯ ಬುಟ್ಟಿಗೆ. ಮಕ್ಕಳಿರುವ ಕಡೆ ಯಾರ ಫೋನು, ಕ್ಯಾಮೆರಾ ಹೇಗೆ ಬಳಕೆಯಾಗುತ್ತದೆ ಎಂಬುದಕ್ಕೆ ಉತ್ತರ ಹೇಳಬೇಕಾದವರು ಅವರೇ. ನಾನು ಅಲ್ಲಿದ್ದಷ್ಟು ಹೊತ್ತೂ ಮಕ್ಕಳ ಜೊತೆ ಒಬ್ಬಳೇ ಇರುವಂತಿಲ್ಲ ಎಂಬುದನ್ನು ಅವರು ನಗುತ್ತಲೇ, ಆದರೆ ಸ್ಪಷ್ಟವಾಗಿ ಹೇಳಿದರು. ನನಗೆ ಅದರಿಂದ ಬೇಸರವಾಗಲಿಲ್ಲ. ನನ್ನ ಮಗು ಆ ಮನೆಯಲ್ಲಿದ್ದಿದ್ದರೆ ನಾನು ಬಯಸುತ್ತಿದ್ದುದೂ ಅದನ್ನೇ.

ಕೋಟುಗಳನ್ನು ತೂಗುಹಾಕುವ ಗೂಟಗಳ ಮೇಲ್ಗಡೆ ಚೌಕಟ್ಟು ಹಾಕಿದ ಪ್ರಮಾಣಪತ್ರವಿದೆ. ಕೊಟ್ಟಿರುವುದು ಆಫ್‌ಸ್ಟೆಡ್, ಅಂದರೆ ಇಂಗ್ಲೆಂಡಿನ ಶಾಲೆಗಳನ್ನೂ ಶಿಶುಪಾಲನೆಯನ್ನೂ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ. ಎಂಟು ವರ್ಷದೊಳಗಿನ ಮಗುವನ್ನು ತನ್ನ ಮನೆಯಲ್ಲಿ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಣ ಪಡೆದು ನೋಡಿಕೊಳ್ಳುವವರು ನೋಂದಣಿ ಮಾಡಿಸಲೇಬೇಕು. ಅಜ್ಜಿ, ಚಿಕ್ಕಮ್ಮ, ಅತ್ತೆಯರಂಥ ರಕ್ತಸಂಬಂಧಿಗಳಿಗೆ ವಿನಾಯಿತಿ. ಸಂಜೆ ಆರರಿಂದ ರಾತ್ರಿ ಎರಡರೊಳಗೆ ಮಾತ್ರ ಮಗು ನೋಡಿಕೊಳ್ಳುವವರಿಗೂ ವಿನಾಯಿತಿ.

ಕೇಳಲು ಸರಳವಾದ ಈ ವ್ಯಾಖ್ಯೆ ಒಮ್ಮೆ ದೇಶವನ್ನೇ ರೊಚ್ಚಿಗೆಬ್ಬಿಸಿತ್ತು. 2009ರಲ್ಲಿ ಇದೇ ಸೀಮೆಯ ಥೇಮ್ಸ್ ವ್ಯಾಲಿ ಪೊಲೀಸ್ ಪಡೆಯ ಇಬ್ಬರು ಮಹಿಳಾ ಪತ್ತೇದಾರರು ಒಂದೇ ಹುದ್ದೆಯನ್ನು ಹಂಚಿಕೊಂಡಿದ್ದರು. ಒಬ್ಬಳು ಡ್ಯೂಟಿಗೆ ಹೋದ ದಿನ ಇನ್ನೊಬ್ಬಳು ಇಬ್ಬರ ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದಳು. ಯಾರೋ ದೂರು ಕೊಟ್ಟರು. ಹಣದ ವಹಿವಾಟು ಇಲ್ಲದಿದ್ದರೂ ಒಬ್ಬರ ಉಪಕಾರ ಇನ್ನೊಬ್ಬರಿಗೆ ‘ಪ್ರತಿಫಲ’ವೇ ಆಗುತ್ತದೆ, ಆದ್ದರಿಂದ ನೋಂದಣಿ ಬೇಕು ಎಂದು ಆಫ್‌ಸ್ಟೆಡ್ ಹೇಳಿತು. ತಾಯಂದಿರು ಸಿಡಿದೆದ್ದರು, ಪತ್ರಿಕೆಗಳು ಬರೆದವು, ಸಚಿವರು ಮರುಪರಿಶೀಲನೆಗೆ ಆದೇಶಿಸಿದರು. ಕೊನೆಗೆ ಗೆಳತಿಯರ ನಡುವಿನ ಇಂಥ ಕೊಡುಕೊಳ್ಳುವಿಕೆಗೆ ವಿನಾಯಿತಿ ಸಿಕ್ಕಿತು. ಮಗುವಿನ ರಕ್ಷಣೆಗೆಂದು ಬರೆದ ಮಾತು ತಾಯಂದಿರ ನಂಟನ್ನು ಅಪರಾಧ ಮಾಡಿಬಿಡಬಹುದು ಎಂಬುದಕ್ಕೆ ಈ ಪ್ರಕರಣವನ್ನು ಇಲ್ಲಿಯ ಹಳೆಯ ಚೈಲ್ಡ್‌ಮೈಂಡರ್‌ಗಳು ಇಂದಿಗೂ ನೆನೆಯುತ್ತಾರೆ.

ನಿಯಮ ಬೇಕೇ ಬೇಡವೇ ಎಂಬ ಪ್ರಶ್ನೆ ಮಾತ್ರ ಇಲ್ಲಿ ಯಾವತ್ತೋ ಇತ್ಯರ್ಥವಾಗಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲೇ, ಮಕ್ಕಳನ್ನು ನೋಡಿಕೊಳ್ಳುವವರ ನೋಂದಣಿಗೆ ಕಾಯ್ದೆ ಬಂತು. ಬಹುಕಾಲ ಆ ಕೆಲಸ ಸ್ಥಳೀಯ ಆಡಳಿತಗಳ ಕೈಯಲ್ಲಿತ್ತು. ಒಂದೊಂದು ಜಿಲ್ಲೆಯಲ್ಲಿ ಒಂದೊಂದು ರೀತಿ. 2001ರಲ್ಲಿ ಇಡೀ ಇಂಗ್ಲೆಂಡಿನ ಹೊಣೆ ಆಫ್‌ಸ್ಟೆಡ್‌ಗೆ ಬಂತು. 2006ರ ಶಿಶುಪಾಲನಾ ಕಾಯ್ದೆಯ ಅಡಿಯಲ್ಲಿ 2008ರ ಸೆಪ್ಟೆಂಬರಿನಿಂದ ‘ಅರ್ಲಿ ಇಯರ್ಸ್ ಫೌಂಡೇಶನ್ ಸ್ಟೇಜ್’ ಎಂಬ ಒಂದೇ ಚೌಕಟ್ಟು ಜಾರಿಯಾಯಿತು. ಹುಟ್ಟಿನಿಂದ ಐದರವರೆಗೆ ಮಗು ಏನು ಕಲಿಯಬೇಕು, ಹೇಗೆ ಸುರಕ್ಷಿತವಾಗಿರಬೇಕು ಎಂಬುದೆಲ್ಲ ಅದರಲ್ಲಿದೆ. ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ ಬೇರೆ ನಿಯಮ, ಬೇರೆ ತಪಾಸಕರು.

ಹಜಾರದ ಎಡಕ್ಕೆ ಮುಂಗೋಣೆ. ಊಟದ ಮೇಜು, ಸೋಫಾ ಹಿತ್ತಲ ಕಡೆಗೆ ಸರಿದು, ಇಡೀ ಕೋಣೆ ಮಕ್ಕಳದಾಗಿದೆ. ಮೊಣಕಾಲೆತ್ತರದ ಕಪಾಟಿನಲ್ಲಿ ಮರದ ತುಂಡುಗಳು, ಹಳೆಯ ಸೌಟುಗಳು, ಪೈನ್ ಕಾಯಿಗಳು, ಬಟ್ಟೆಯ ಚೂರುಗಳು. ನೆಲದ ಮೇಲೆ ಮೂವರು: ಅಂಬೆಗಾಲಿಡುವ ಹತ್ತು ತಿಂಗಳ ಕೂಸು, ಮೂರು ದಾಟಿದ ಹುಡುಗ, ಎರಡೂವರೆಯ ನಮ್ಮ ಕನ್ನಡದ ಹುಡುಗಿ. ಆಕೆಯ ಅಪ್ಪ ಅಮ್ಮ ಹಾಸನದವರು. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಕಣ್ಣರಳಿಸಿ ನೋಡಿ, ಉತ್ತರ ಕೊಡದೆ ಒಂದು ಸೌಟು ತಂದು ಕೈಗಿತ್ತಳು.

ಈ ಮೂವರಿಗಿಂತ ಹೆಚ್ಚು ಪುಟ್ಟ ಮಕ್ಕಳನ್ನು ಮನೆಯೊಡತಿ ಇಟ್ಟುಕೊಳ್ಳುವಂತಿಲ್ಲ. ಇಂಗ್ಲೆಂಡಿನ ಲೆಕ್ಕ ಹೀಗಿದೆ. ಒಬ್ಬ ಚೈಲ್ಡ್‌ಮೈಂಡರ್ ಬಳಿ ಒಮ್ಮೆಗೆ ಎಂಟು ವರ್ಷದೊಳಗಿನವರು ಆರು ಮಂದಿ. ಅವರಲ್ಲಿ ಐದರೊಳಗಿನವರು ಮೂವರು. ಆ ಮೂವರಲ್ಲಿ ವರ್ಷ ತುಂಬದ ಕೂಸು ಒಂದು. ಒಡಹುಟ್ಟಿದವರನ್ನು ಜೊತೆಗಿಡಲು, ಸ್ವಂತ ಕೂಸಿದ್ದಾಗ, ಹಳೆಯ ಮಗುವನ್ನು ನಡುವೆ ಕೈಬಿಡದಿರಲು ಸಡಿಲಿಕೆ ಇದೆ. ಎಲ್ಲ ಮಕ್ಕಳ ಅಗತ್ಯವನ್ನೂ ಪೂರೈಸಬಲ್ಲೆ ಎಂದು ಆಕೆ ತೋರಿಸಿಕೊಡಬೇಕು, ಅಷ್ಟೇ. ಆಕೆಯ ಸ್ವಂತ ಮಕ್ಕಳು ಮನೆಯಲ್ಲಿದ್ದರೆ ಅವರೂ ಈ ಲೆಕ್ಕದೊಳಗೇ.

ಈ ಅಂಕಿಯ ಮೇಲೆ ಸರ್ಕಾರಗಳು ಪದೇ ಪದೇ ಕಣ್ಣು ಹಾಕಿವೆ. 2013ರಲ್ಲಿ ಆಗ ಶಿಶುಪಾಲನೆಯ ಖಾತೆ ನೋಡುತ್ತಿದ್ದ ಲಿಜ್ ಟ್ರಸ್ ಮೂರನ್ನು ನಾಲ್ಕಕ್ಕೆ, ಒಂದು ಕೂಸನ್ನು ಎರಡಕ್ಕೆ ಏರಿಸಲು ಹೊರಟರು. ಮಕ್ಕಳು ಹೆಚ್ಚಾದರೆ ತಲಾ ಶುಲ್ಕ ಇಳಿಯುತ್ತದೆ ಎಂಬುದು ವಾದ. ಪೋಷಕರೂ ಪಾಲಕರೂ ಒಟ್ಟಾಗಿ ವಿರೋಧಿಸಿದರು. ಉಪಪ್ರಧಾನಿ ನಿಕ್ ಕ್ಲೆಗ್ ಒಪ್ಪದೆ ಆ ಯೋಜನೆ ಬಿತ್ತು. ಹತ್ತು ವರ್ಷದ ಮೇಲೆ, 2023ರ ಸೆಪ್ಟೆಂಬರಿನಲ್ಲಿ, ನರ್ಸರಿಗಳಲ್ಲಿ ಎರಡು ವರ್ಷದ ಮಕ್ಕಳಿಗೆ ನಾಲ್ವರಿಗೊಬ್ಬರಂತಿದ್ದ ಲೆಕ್ಕ ಐವರಿಗೊಬ್ಬರಾಯಿತು.

‘ನನ್ನ ಲೆಕ್ಕ ಬೇರೆ’ ಎಂದರು ಆಕೆ, ಕೂಸಿನ ಮೂಗೊರೆಸುತ್ತ. ‘ಬೆಂಕಿ ಬಿದ್ದರೆ ನಾನು ಎತ್ತಿಕೊಂಡು ಓಡಬಲ್ಲದ್ದು ಎಷ್ಟು ಮಕ್ಕಳನ್ನು? ಒಂದನ್ನು ಸೊಂಟದ ಮೇಲೆ, ಎರಡರ ಕೈ ಹಿಡಿದು. ಅಲ್ಲಿಗೆ ಮುಗಿಯಿತು.’ ಕೂಸುಗಳನ್ನು ಸೇರಿಸಿಕೊಳ್ಳಿ ಎಂದು ಅಂಗಲಾಚುವ ತಾಯಂದಿರ ಹೆಸರುಗಳು ಆಕೆಯ ಡೈರಿಯಲ್ಲಿ ಸಾಲಾಗಿವೆ. ಹುಟ್ಟುವ ಮುನ್ನವೇ ಜಾಗ ಕಾದಿರಿಸಲು ಬರುವವರೂ ಇದ್ದಾರೆ. ಇಲ್ಲ ಎನ್ನುವುದೇ ಈ ಕೆಲಸದ ಅತಿ ಕಷ್ಟದ ಭಾಗ ಎಂದರು.

ಕಪಾಟಿನ ಮೇಲೆ ಒಂದು ಟ್ಯಾಬ್ ಇದೆ, ಪಕ್ಕದಲ್ಲಿ ದಪ್ಪ ಕಡತ. ಚೌಕಟ್ಟಿನ ಪ್ರಕಾರ ಕಲಿಕೆಗೆ ಏಳು ಕ್ಷೇತ್ರಗಳು. ಮಾತು, ದೇಹದ ಚಲನೆ, ಭಾವನೆ ಹಾಗೂ ಒಡನಾಟ ಎಂಬ ಮೂರು ಬುನಾದಿ. ಓದುಬರಹ, ಗಣಿತ, ಸುತ್ತಲಿನ ಲೋಕ, ಕಲೆ ಎಂಬ ನಾಲ್ಕು ಅದರ ಮೇಲೆ. ಎರಡರಿಂದ ಮೂರು ವರ್ಷದ ನಡುವೆ ಪ್ರತಿ ಮಗುವಿನ ಬೆಳವಣಿಗೆಯ ಬಗ್ಗೆ ಪೋಷಕರಿಗೆ ಬರಹದಲ್ಲಿ ವರದಿ ಕೊಡಲೇಬೇಕು. ಮಾತು ತಡವಾಗುತ್ತಿದೆಯೇ, ಕಿವಿ ಕೇಳಿಸುತ್ತಿಲ್ಲವೇ ಎಂಬುದು ಎಷ್ಟೋ ಸಲ ಮೊದಲು ಗೊತ್ತಾಗುವುದು ಈ ವರದಿಯಿಂದ. ದಿನದ ಎಂಟು ಹತ್ತು ಗಂಟೆ ಮಗುವಿನ ಜೊತೆಗಿರುವವರ ಕಣ್ಣಿಗೆ ಬೀಳುವುದು ಕೆಲಸದಿಂದ ದಣಿದು ಬರುವ ಅಪ್ಪ ಅಮ್ಮನ ಕಣ್ಣು ತಪ್ಪಿಸಬಹುದು. ಈ ಒಂದು ನಿಯಮಕ್ಕೆ ನನ್ನ ಪೂರ್ಣ ಬೆಂಬಲವಿದೆ.

ಉಳಿದ ಬರವಣಿಗೆಯ ಕತೆ ಬೇರೆ. ಮೊದಮೊದಲು ಮಗು ಒಂದು ಮರದ ತುಂಡಿನ ಮೇಲೆ ಇನ್ನೊಂದಿಟ್ಟರೂ ಫೋಟೊ ತೆಗೆದು, ಅದು ಯಾವ ಕ್ಷೇತ್ರದ ಯಾವ ಮೆಟ್ಟಿಲು ಎಂದು ಗುರುತು ಹಾಕುತ್ತಿದ್ದರು. ರಾತ್ರಿ ಹತ್ತಾದರೂ ಮುಗಿಯುತ್ತಿರಲಿಲ್ಲ. ಮಗುವಿನ ಜೊತೆ ಕಳೆಯುವ ಹೊತ್ತನ್ನು ಬರೆಯುವುದಕ್ಕೆ ಸುರಿಯಬೇಡಿ ಎಂದು 2021ರ ಪರಿಷ್ಕರಣೆ ಒತ್ತಿಹೇಳಿತು. 2024ರ ಜನವರಿಯಲ್ಲಿ ಚೈಲ್ಡ್‌ಮೈಂಡರ್‌ಗಳಿಗೆಂದೇ ಪ್ರತ್ಯೇಕ ಪುಸ್ತಕ ಬಂತು. ನರ್ಸರಿಯಂತೆ ಇವರು ಪ್ರತಿ ಕಾರ್ಯನೀತಿಯನ್ನೂ ಬರೆದಿಡಬೇಕಿಲ್ಲ. ಕೇಳಿದವರಿಗೆ ವಿವರಿಸಬಲ್ಲವರಾದರೆ ಸಾಕು. ಆದರೂ ಆ ಕಡತ ತೆಳ್ಳಗಾಗಿಲ್ಲ. ಯಾಕೆ ಎಂದು ಕೇಳಿದೆ. ‘ತಪಾಸಣೆ ಮಾಡುವವರು ಬಂದ ದಿನ ಗಾಬರಿಯಲ್ಲಿ ನನ್ನ ಬಾಯಿಂದ ಮಾತೇ ಹೊರಡದಿದ್ದರೆ? ಕಾಗದ ನನ್ನ ಪರವಾಗಿ ಮಾತಾಡುತ್ತದೆ’ ಎಂದರು. ನಿಯಮ ಸಡಿಲವಾದರೂ ಅದು ಹುಟ್ಟಿಸಿದ ಭಯ ಸಡಿಲವಾಗಲು ಹೆಚ್ಚು ಕಾಲ ಬೇಕು.

ಮಹಡಿ ಮೆಟ್ಟಿಲ ಬುಡದಲ್ಲೂ ತುದಿಯಲ್ಲೂ ಚಿಕ್ಕ ಗೇಟುಗಳು. ಮೇಲೆ ಮಕ್ಕಳು ಮಲಗುವ ಕೋಣೆ. ಕೂಸನ್ನು ಅಂಗಾತ ಮಲಗಿಸಬೇಕು, ತೊಟ್ಟಿಲಲ್ಲಿ ದಿಂಬು, ಬೊಂಬೆ, ಸಡಿಲ ಹೊದಿಕೆ ಇರಬಾರದು, ನಿದ್ದೆಯಲ್ಲಿರುವಾಗ ಪದೇ ಪದೇ ಬಂದು ನೋಡಬೇಕು. ಗೋಡೆಯ ಮೇಲಿನ ಹಾಳೆಯಲ್ಲಿ ಆಕೆ ಬಂದು ನೋಡಿದ ಹೊತ್ತುಗಳು ಸಾಲಾಗಿವೆ. ಎದುರಿನ ಕೋಣೆ ಮಗನದು. ಅವನಿಗೆ ಹದಿನಾರು ತುಂಬಿದ ಕೂಡಲೇ ಅವನ ಬಗ್ಗೆಯೂ ಪೊಲೀಸ್ ದಾಖಲೆಗಳ ವಿಸ್ತೃತ ಪರಿಶೀಲನೆ ಆಗಬೇಕಾಯಿತು. ಮಕ್ಕಳನ್ನು ನೋಡಿಕೊಳ್ಳುವ ಮನೆಯಲ್ಲಿ ವಾಸಿಸುವ ಹದಿನಾರು ದಾಟಿದ ಪ್ರತಿಯೊಬ್ಬರಿಗೂ ಈ ನಿಯಮ ಅನ್ವಯಿಸುತ್ತದೆ. ಆ ಹುಡುಗ ಈ ಮಕ್ಕಳ ನಡುವೆಯೇ ಬೆಳೆದವನು. ‘ಹುಟ್ಟಿದ ಮನೆಯಲ್ಲಿರಲು ನಾನು ಪರವಾನಗಿ ತೆಗೆದುಕೊಳ್ಳಬೇಕಾ ಅಮ್ಮಾ’ ಎಂದು ಕೇಳಿದನಂತೆ. ಆಕೆ ಮಗನಿಗೆ ಕೊಟ್ಟ ಉತ್ತರ ಇದು: ಆ ಮಕ್ಕಳ ಅಮ್ಮಂದಿರು ನಿನ್ನನ್ನು ನೋಡಿಲ್ಲ, ನನ್ನನ್ನು ಮಾತ್ರ ನೋಡಿದ್ದಾರೆ. ನನಗೆ ಆ ಉತ್ತರ ಸರಿಯೆನಿಸಿತು. ಈ ಕೆಲಸಕ್ಕೆ ಇಳಿಯುವ ಹೆಣ್ಣು ತನ್ನ ಗಂಡ, ಮಕ್ಕಳನ್ನೂ ನಿಯಮದ ಕೆಳಗೆ ತರುತ್ತಾಳೆ. ಅವರು ಒಪ್ಪದಿದ್ದರೆ ಕೆಲಸವೇ ಇಲ್ಲ. ಬಾಡಿಗೆ ಮನೆಯವರಿಗೆ ಇನ್ನೊಂದು ತೊಡಕು. ಮನೆ ಮಾಲೀಕರ ಒಪ್ಪಿಗೆ ಸಿಗದೆ ಎಷ್ಟೋ ಮಂದಿ ಅರ್ಜಿ ಹಾಕುವ ಮೊದಲೇ ಕೈಬಿಡುತ್ತಾರೆ.

ಅಡುಗೆಮನೆಗೆ ಬಂದಾಗ ಹನ್ನೊಂದೂವರೆ. ಈ ಮನೆಯಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲೇ, ಯಾಕೆಂದರೆ ನಿಯಮ ಇಲ್ಲಿ ಮಗುವಿನ ಉಸಿರಿಗೆ ಹತ್ತಿರ ಬರುತ್ತದೆ. ಫ್ರಿಜ್ಜಿನ ಬಾಗಿಲ ಮೇಲೆ ಪ್ರತಿ ಮಗುವಿಗೊಂದು ಚೀಟಿ: ಯಾವುದು ಒಗ್ಗದು, ಏನು ತಿನ್ನುವಂತಿಲ್ಲ, ಗಟ್ಟಿ ಆಹಾರ ಎಲ್ಲಿಯವರೆಗೆ ಬಂದಿದೆ. ಅಲರ್ಜಿ ತರುವ ಹದಿನಾಲ್ಕು ಪದಾರ್ಥಗಳ ಪಟ್ಟಿ ಅಲ್ಲೇ ಇದೆ. ಅವುಗಳಲ್ಲಿ ಯಾವುದು ತಾನು ಮಾಡುವ ಅಡುಗೆಯಲ್ಲಿದೆ ಎಂದು 2014ರ ಡಿಸೆಂಬರಿನಿಂದ ಚೈಲ್ಡ್‌ಮೈಂಡರ್‌ಗಳೂ ಹೇಳಬೇಕು. ಹಾಲು, ಗೋಧಿ, ಕಡಲೆಕಾಯಿ, ಗೋಡಂಬಿ, ಎಳ್ಳು ಅದರಲ್ಲಿವೆ, ಸಾಸಿವೆಯೂ ಇದೆ. ಹಾಸನದ ಅಮ್ಮ ಡಬ್ಬಿಯಲ್ಲಿ ಕಳಿಸುವ ಒಗ್ಗರಣೆಯ ಮೊಸರನ್ನ ಈ ಮನೆಗೆ ಬಂದ ಮೊದಲ ವಾರ, ಅದರಲ್ಲಿ ಏನೇನಿದೆ ಎಂದು ಇವರು ಒಂದೊಂದಾಗಿ ಕೇಳಿ ಬರೆದುಕೊಂಡರಂತೆ.

ದ್ರಾಕ್ಷಿಯನ್ನು ಉದ್ದುದ್ದ ಸೀಳಿ ನಾಲ್ಕು ಮಾಡಿದರು. ಕ್ಯಾರೆಟ್ ಬೇಯಿಸಿ ಹಿಸುಕಿದರು. ಮಕ್ಕಳು ತಿನ್ನುವಾಗ ಕಣ್ಣಿಗೂ ಕಾಣಬೇಕು, ಕಿವಿಗೂ ಕೇಳಬೇಕು ಎಂದು 2023ರ ಸೆಪ್ಟೆಂಬರಿನಿಂದಲೇ ನಿಯಮ ಹೇಳುತ್ತದೆ. ಗಂಟಲಿಗೆ ತುತ್ತು ಸಿಕ್ಕಿಕೊಂಡ ಮಗು ಕೂಗುವುದಿಲ್ಲ, ಸದ್ದಿಲ್ಲದೆ ನೀಲಿಗಟ್ಟುತ್ತದೆ. ಆದ್ದರಿಂದ ಆಕೆ ಎದುರಿಗೇ ಕುಳಿತು ಮೂವರ ಮುಖ ನೋಡುತ್ತ ಊಟ ಮಾಡಿಸಿದರು. ಮಕ್ಕಳು ಕುರ್ಚಿಯಲ್ಲಿ ಕೂತೇ ತಿನ್ನಬೇಕು. ತಟ್ಟೆ ಹಿಡಿದು ಅಂಗಳವೆಲ್ಲ ಸುತ್ತುತ್ತ, ಕಾಗೆ ಗುಬ್ಬಿ ತೋರಿಸುತ್ತ ತುತ್ತಿಡುವ ನಮ್ಮ ಅಜ್ಜಿಯರ ರೂಢಿಗೆ ಇಲ್ಲಿ ಜಾಗವಿಲ್ಲ. ಓಡುವ ಮಗುವಿನ ಬಾಯಲ್ಲಿ ತುತ್ತಿರುವುದು ಅಪಾಯ ಎಂಬುದು ವೈದ್ಯರೂ ಹೇಳುವ ಮಾತು. ಈ ವಿಷಯದಲ್ಲಿ ನಾವೇ ಬದಲಾಗಬೇಕು.

ಒಲೆಯ ಪಕ್ಕದ ಗೋಡೆಗೆ ಮಕ್ಕಳ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ. ಹನ್ನೆರಡು ಗಂಟೆಯ ತರಬೇತಿ, ಮೂರು ವರ್ಷಕ್ಕೊಮ್ಮೆ ಮರಳಿ ಪಡೆಯಬೇಕು. ಔಷಧ ಕೊಡಬೇಕಾದರೆ ಒಂದೊಂದಕ್ಕೂ ಪೋಷಕರ ಲಿಖಿತ ಒಪ್ಪಿಗೆ ಬೇಕು. ‘ಜ್ವರ ಬಂದರೆ ಸಿರಪ್ ಹಾಕಿಬಿಡಿ’ ಎಂದು ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಮೊಣಕಾಲು ತರಚಿದರೂ ಪುಸ್ತಕದಲ್ಲಿ ಬರೆದು, ಸಂಜೆ ಪೋಷಕರಿಗೆ ತಿಳಿಸಿ ಸಹಿ ಹಾಕಿಸುತ್ತಾರೆ. ಗಂಭೀರ ಪೆಟ್ಟಾದರೆ ಹದಿನಾಲ್ಕು ದಿನದೊಳಗೆ ಆಫ್‌ಸ್ಟೆಡ್‌ಗೆ ವರದಿ ಹೋಗಬೇಕು.

ಹೊಡೆಯುವ ಮಾತಂತೂ ಇಲ್ಲವೇ ಇಲ್ಲ. ಆದರೆ ಅದು ಅಷ್ಟು ಹಳೆಯ ನಿಯಮವಲ್ಲ. ಲಂಡನ್ನಿನ ಸಟನ್ ಬರೋ ಆಡಳಿತ ಒಮ್ಮೆ, ಮಕ್ಕಳ ಮೇಲೆ ಕೈ ಎತ್ತುವುದಿಲ್ಲ ಎಂದು ಬರೆದುಕೊಡಲು ಒಪ್ಪದ ಚೈಲ್ಡ್‌ಮೈಂಡರ್ ಒಬ್ಬರಿಗೆ ನೋಂದಣಿ ನಿರಾಕರಿಸಿತು. ಪೋಷಕರ ಒಪ್ಪಿಗೆಯಿದ್ದರೆ ಮೆಲ್ಲಗೆ ಏಟು ಕೊಡಬಹುದು ಎಂಬುದು ಆಕೆಯ ನಿಲುವು. 1994ರಲ್ಲಿ ಹೈಕೋರ್ಟು ಆಕೆಯ ಪರ ನಿಂತಿತು. ಅಪ್ಪ ಅಮ್ಮ ಒಪ್ಪಿದರೂ ಚೈಲ್ಡ್‌ಮೈಂಡರ್ ಹೊಡೆಯುವಂತಿಲ್ಲ ಎಂದು ಕಟ್ಟುನಿಟ್ಟಾದದ್ದು 2003ರಲ್ಲಿ. ಇಂಗ್ಲೆಂಡಿನ ಕಾನೂನು ತಂದೆತಾಯಿಗೆ ‘ನ್ಯಾಯೋಚಿತ ಶಿಕ್ಷೆ’ ಎಂಬ ರಕ್ಷಣೆಯನ್ನು ಇನ್ನೂ ಉಳಿಸಿಕೊಂಡಿದೆ. ಸ್ಕಾಟ್ಲೆಂಡ್ 2020ರಲ್ಲಿ, ವೇಲ್ಸ್ 2022ರಲ್ಲಿ ಅದನ್ನು ತೆಗೆದುಹಾಕಿವೆ. ಹೀಗಾಗಿ ಇಂಗ್ಲೆಂಡಿನ ಮಗುವಿಗೆ ಏಟಿನಿಂದ ಕಾನೂನಿನ ಪೂರ್ಣ ರಕ್ಷಣೆ ಇರುವುದು ತನ್ನ ಮನೆಯಲ್ಲಲ್ಲ, ಈ ಪರರ ಮನೆಯಲ್ಲಿ. ಈ ಅಸಮಾನತೆಯನ್ನು ಸಂಸತ್ತು ಬೇಗ ಸರಿಪಡಿಸಬೇಕು.

ಫ್ರಿಜ್ಜಿನ ಮೇಲೆ ಇನ್ನೊಂದು ಹಾಳೆ ನನ್ನನ್ನು ಹಿಡಿದು ನಿಲ್ಲಿಸಿತು. ನೀರು, ಹಾಲು, ನಿದ್ದೆ, ನೋವು, ಬಾ, ಸಾಕು ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಮಾತುಗಳು. ಮನೆಮಾತು ಇಂಗ್ಲಿಷ್ ಅಲ್ಲದ ಮಗು ಆಟ ಮತ್ತು ಕಲಿಕೆಯಲ್ಲಿ ತನ್ನ ಭಾಷೆಯನ್ನು ಬಳಸಲು, ಬೆಳೆಸಲು ಅವಕಾಶ ಮಾಡಿಕೊಡಬೇಕೆಂದು ಚೌಕಟ್ಟು ಹೇಳುತ್ತದೆ. ಶಾಲೆ ಸೇರುವ ಹೊತ್ತಿಗೆ ಇಂಗ್ಲಿಷೂ ಬರುವಂತೆ ನೋಡಿಕೊಳ್ಳಬೇಕು. ತಾಯಿಯಿಂದ ಕೇಳಿ ಬರೆದುಕೊಂಡ ಈ ಪಟ್ಟಿಯನ್ನು ಆಕೆ ಓದಿ ತೋರಿಸಿದರು. ಊರಿನ ಎಷ್ಟೋ ನರ್ಸರಿಗಳಲ್ಲಿ ಕನ್ನಡ ಆಡಿದರೆ ಗದರಿಸುವುದನ್ನು ಕಂಡಿರುವ ನನಗೆ, ರೆಡಿಂಗಿನ ಅಡುಗೆಮನೆಯಲ್ಲಿ ಕಾನೂನು ಕನ್ನಡಕ್ಕೆ ಇಷ್ಟಾದರೂ ಜಾಗ ಕೊಟ್ಟದ್ದು ಕಂಡು ಗಂಟಲು ಕಟ್ಟಿತು.

ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಹಣದ ಮಾತು ಬಂತು. 2025ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನಲ್ಲಿ ದುಡಿಯುವ ತಂದೆತಾಯಿಯ ಮಕ್ಕಳಿಗೆ ಒಂಬತ್ತು ತಿಂಗಳಿನಿಂದಲೇ ವಾರಕ್ಕೆ 30 ಗಂಟೆಯ ಪಾಲನೆಯ ವೆಚ್ಚವನ್ನು ಸರ್ಕಾರ ಕೊಡುತ್ತಿದೆ, ವರ್ಷಕ್ಕೆ 38 ವಾರ. ಕೇಳಲು ದೊಡ್ಡ ನೆರವು. ಎಷ್ಟೋ ತಾಯಂದಿರು ಇದರಿಂದಲೇ ಕೆಲಸಕ್ಕೆ ಮರಳಿದ್ದಾರೆ. ಒಳಗಿನ ತೊಡಕುಗಳು ಬಳಸುವವರಿಗೆ ಗೊತ್ತು. ಪೋಷಕರು ಆನ್‌ಲೈನಿನಲ್ಲಿ ಅರ್ಜಿ ಹಾಕಿ ಒಂದು ಕೋಡ್ ಪಡೆಯಬೇಕು, ಮೂರು ತಿಂಗಳಿಗೊಮ್ಮೆ ಅದನ್ನು ದೃಢಪಡಿಸಬೇಕು. ಮಾರ್ಚ್, ಆಗಸ್ಟ್, ಡಿಸೆಂಬರ್ ತಿಂಗಳ ಕೊನೆಯ ದಿನ ಗಡುವು. ಒಂದು ದಿನ ತಡವಾದರೆ ಇಡೀ ಅವಧಿಯ ನೆರವು ಕೈತಪ್ಪುತ್ತದೆ. ತಂದೆತಾಯಿಯಲ್ಲಿ ಒಬ್ಬರ ಆದಾಯ ವರ್ಷಕ್ಕೆ ಒಂದು ಲಕ್ಷ ಪೌಂಡ್ ದಾಟಿದರೆ ನೆರವೇ ಇಲ್ಲ.

ಚೈಲ್ಡ್‌ಮೈಂಡರ್ ಕಡೆಯಿಂದ ನೋಡಿದರೆ ಆ 30 ಗಂಟೆಯ ದರ ನಿರ್ಧರಿಸುವುದು ಆಕೆಯಲ್ಲ. ಸರ್ಕಾರ ಸ್ಥಳೀಯ ಆಡಳಿತಕ್ಕೆ ಕೊಡುತ್ತದೆ, ಅದು ಇವರಿಗೆ. ಊಟಕ್ಕೆ, ಡೈಪರಿಗೆ ಪೋಷಕರು ಇಷ್ಟವಿದ್ದರೆ ಕೊಡಬಹುದು, ಕೊಡಲೇಬೇಕೆಂದು ಕಟ್ಟುಹಾಕುವಂತಿಲ್ಲ. ಈ ನಿಯಮ ಪೋಷಕರಿಗೆ ನ್ಯಾಯ. ಕೊರತೆಯನ್ನು ತುಂಬುವುದು ಮಾತ್ರ ಆಕೆಯ ಜೇಬು.

ಎಲ್ಲಕ್ಕಿಂತ ಹೆಚ್ಚು ನೋಯಿಸುವ ನಿಯಮ ಇನ್ನೊಂದಿದೆ. ಆಕೆಯ ಮಗಳು ನಾಲ್ಕು ಬೀದಿ ಆಚೆ ವಾಸಿಸುತ್ತಾಳೆ, ಒಂದೂವರೆ ವರ್ಷದ ಕೂಸಿದೆ. ರಕ್ತಸಂಬಂಧಿಯ ಮಗುವನ್ನು ನೋಡಿಕೊಂಡರೆ ಕಾನೂನಿನ ಲೆಕ್ಕದಲ್ಲಿ ಅದು ಶಿಶುಪಾಲನೆಯೇ ಅಲ್ಲ, ಹಾಗಾಗಿ ಸರ್ಕಾರದ ಹಣ ಬರುವುದಿಲ್ಲ. ಮೂವರ ಮಿತಿಯಲ್ಲಿ ಮಾತ್ರ ಆ ಮೊಮ್ಮಗುವೂ ಒಂದು ಜಾಗ ಹಿಡಿಯುತ್ತದೆ. ಒಂದು ಜಾಗದ ಆದಾಯ ಬಿಟ್ಟುಕೊಡುವ ಶಕ್ತಿ ಆಕೆಗಿಲ್ಲ. ಆ ಕೂಸು ಇನ್ನೊಬ್ಬ ಚೈಲ್ಡ್‌ಮೈಂಡರ್ ಮನೆಯಲ್ಲಿ ಬೆಳೆಯುತ್ತಿದೆ. ಅಲ್ಲಿ ಸರ್ಕಾರ ಹಣ ಕೊಡುತ್ತದೆ. ಅಜ್ಜಿಗೆ ತರಬೇತಿಯಿದೆ, ತಪಾಸಣೆಯಾಗಿದೆ, ಮನೆ ಸಜ್ಜಾಗಿದೆ. ದುರುಪಯೋಗ ತಡೆಯಲು ಈ ನಿಯಮ ಎನ್ನಬಹುದು. ನೋಂದಾಯಿತ ಅಜ್ಜಿಯ ಮಟ್ಟಿಗೆ ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಸಂಜೆ ಐದೂಮುಕ್ಕಾಲಿಗೆ ಹಾಸನದ ತಾಯಿ ಬಂದರು, ಕೊರಳಲ್ಲಿ ಆಫೀಸಿನ ಬ್ಯಾಡ್ಜ್ ಇನ್ನೂ ತೂಗುತ್ತಿತ್ತು. ‘ಅಮ್ಮ ವಿಸಿಟ್ ವೀಸಾ ಮೇಲೆ ಬಂದು ಆರು ತಿಂಗಳು ಇದ್ರು ಅಕ್ಕಾ. ಅವರು ಹೋಗೋ ದಿನ ಏರ್‌ಪೋರ್ಟಲ್ಲಿ ನನಗೆ ಇವಳದೇ ಯೋಚನೆ, ಯಾರ ಕೈಗೆ ಕೊಡ್ಲಿ ಅಂತ. ಇಲ್ಲಿ ಬಂದು ಈ ಬೋರ್ಡು, ಪುಸ್ತಕ, ಗೇಟು ಎಲ್ಲ ನೋಡಿದ ಮೇಲೆ ಆಫೀಸಲ್ಲಿ ಕೂತು ಕೆಲಸ ಮಾಡೋ ಹಾಗಾಯ್ತು’ ಎಂದರು. 30 ಗಂಟೆಯ ನೆರವಿನ ಬಗ್ಗೆ ಕೇಳಿದೆ. ‘ನಮಗೆಲ್ಲಿ ಬರುತ್ತೆ? ಇಬ್ಬರೂ ದುಡೀತೀವಿ, ಇಬ್ಬರೂ ಟ್ಯಾಕ್ಸ್ ಕಟ್ತೀವಿ. ವೀಸಾದಲ್ಲಿ ಒಂದು ಸಾಲು ಇದೆಯಲ್ಲ.’

ಆ ಸಾಲು ಹೇಳುವುದು ಇಷ್ಟು: ಸರ್ಕಾರದ ಸಾರ್ವಜನಿಕ ನೆರವಿಗೆ ಹಕ್ಕಿಲ್ಲ. ದುಡಿಯಲು ಬಂದ ವೀಸಾದವರಿಗೆ ಸಾಮಾನ್ಯವಾಗಿ ಈ ಷರತ್ತು ಇರುತ್ತದೆ. ದುಡಿಯುವ ಪೋಷಕರ 30 ಗಂಟೆ ಬೇಕಾದರೆ ತಂದೆ ಅಥವಾ ತಾಯಿ, ಒಬ್ಬರಾದರೂ ಬ್ರಿಟಿಷ್ ಅಥವಾ ಐರಿಷ್ ಪೌರರಾಗಿರಬೇಕು, ಇಲ್ಲವೇ ಖಾಯಂ ವಾಸದ ಅಥವಾ ನೆರವು ಪಡೆಯುವ ಹಕ್ಕು ಇರಬೇಕು. ಎಂಟು ಪೌಂಡ್ ತುಂಬಿದರೆ ಸರ್ಕಾರ ಎರಡು ಸೇರಿಸುವ ತೆರಿಗೆರಹಿತ ಶಿಶುಪಾಲನಾ ಖಾತೆಗೂ ಇದೇ ಷರತ್ತು. ಹೀಗೆ ಗಂಟೆಗೆ ಆರೇಳು ಪೌಂಡಿನಂತೆ ವಾರಕ್ಕೆ ನಲವತ್ತೈದು ಗಂಟೆಯ ಹಣವನ್ನು ಇವರು ಪೂರ್ತಿ ಕೈಯಿಂದ ಕೊಡುತ್ತಾರೆ. ಅದೇ ಕೋಣೆಯಲ್ಲಿ, ಅದೇ ಮೇಜಿನಲ್ಲಿ ಉಣ್ಣುವ ಮೂರು ಮಕ್ಕಳಲ್ಲಿ ಇಬ್ಬರಿಗೆ ಸರ್ಕಾರದ ಹಣ, ಒಬ್ಬಳಿಗೆ ಇಲ್ಲ. ಮಗು ಯಾವ ವೀಸಾ ಮೇಲೆ ಹುಟ್ಟಿತು ಎಂಬುದು ಅದರ ಕಲಿಕೆಗೆ ಸಂಬಂಧಿಸಿದ ವಿಷಯವಲ್ಲ.

ತಪಾಸಣೆಯ ಬಗ್ಗೆ ಒಂದೆರಡು ಮಾತು. ಆಫ್‌ಸ್ಟೆಡ್ ತಪಾಸಕರು ಬರುವ ಮುನ್ನ ಫೋನ್ ಮಾಡಿ ಆ ವಾರ ಮಕ್ಕಳಿರುತ್ತಾರೆಯೇ ಎಂದು ಕೇಳುತ್ತಾರೆ. ಒಮ್ಮೆ ಬಂದು ಹೋದರೆ ಮತ್ತೆ ಬರುವುದು ವರ್ಷಗಳ ಮೇಲೆ. ಆರು ವರ್ಷಕ್ಕೊಮ್ಮೆ ಇದ್ದದ್ದನ್ನು ನಾಲ್ಕಕ್ಕೆ ಇಳಿಸುವುದಾಗಿ ಸರ್ಕಾರ 2025ರಲ್ಲಿ ಹೇಳಿತು. ‘ಅತ್ಯುತ್ತಮ’, ‘ಉತ್ತಮ’ ಎಂದು ಒಂದೇ ಪದದಲ್ಲಿ ಮನೆಯನ್ನು ಅಳೆಯುವ ಪದ್ಧತಿ ಅದೇ ವರ್ಷದ ನವೆಂಬರಿನಲ್ಲಿ ಹೋಗಿ, ಒಂದೊಂದು ಅಂಶಕ್ಕೆ ಒಂದೊಂದು ಮಟ್ಟ ಸೂಚಿಸುವ ವರದಿ ಬಂದಿದೆ. ಪೋಷಕರಿಗೆ ಇದರಿಂದ ಒಳ್ಳೆಯದಾಗಿದೆ; ಒಂದು ಪದಕ್ಕಿಂತ ಹೆಚ್ಚು ತಿಳಿಯುತ್ತದೆ.

ಇಷ್ಟಾದರೂ ಇಂಥ ಮನೆಗಳು ಕಣ್ಣೆದುರೇ ಮುಚ್ಚುತ್ತಿವೆ. 1990ರ ದಶಕದ ನಡುವೆ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಚೈಲ್ಡ್‌ಮೈಂಡರ್‌ಗಳಿದ್ದರು. ಈಗ ಮೂವತ್ತು ಸಾವಿರಕ್ಕೂ ಕಡಿಮೆ. ಹೊಸಬರನ್ನು ಸೆಳೆಯಲು 2023ರಲ್ಲಿ 600 ಪೌಂಡಿನ ಆರಂಭಿಕ ಅನುದಾನ, ಖಾಸಗಿ ಏಜೆನ್ಸಿ ಮೂಲಕ ಸೇರಿದರೆ 1,200 ಪೌಂಡ್ ಎಂದು ಸರ್ಕಾರ ಘೋಷಿಸಿತು. 2024ರ ನವೆಂಬರಿನಿಂದ ನಾಲ್ವರು ಒಟ್ಟಾಗಿ ಕೆಲಸ ಮಾಡಬಹುದು. ಮನೆ ಬಿಟ್ಟು ಸಮುದಾಯ ಭವನದಂಥ ಜಾಗದಲ್ಲೂ ಪೂರ್ತಿ ಹೊತ್ತು ನಡೆಸಬಹುದು. ಬಾಡಿಗೆ ಮನೆಯವರಿಗೆ ಇದು ನಿಜವಾದ ದಾರಿ. ಆದರೆ ಬಿಟ್ಟುಹೋಗುವವರು ಬರುವವರಿಗಿಂತ ಹೆಚ್ಚು.

ಬಿಟ್ಟುಹೋಗುವವರು ನಿಯಮಕ್ಕೆ ಹೆದರಿ ಹೋಗುತ್ತಾರೆ ಎಂದು ಹೇಳುವವರಿದ್ದಾರೆ. ಒಂದು ಹಗಲು ಆ ಮನೆಯಲ್ಲಿ ಕಳೆದ ಮೇಲೆ ನನಗೆ ಹಾಗನ್ನಿಸಲಿಲ್ಲ. ದ್ರಾಕ್ಷಿ ಸೀಳುವ ನಿಯಮದ ಬಗ್ಗೆ, ಅಂಗಾತ ಮಲಗಿಸುವ ನಿಯಮದ ಬಗ್ಗೆ, ಮೂವರ ಮಿತಿಯ ಬಗ್ಗೆ ಆಕೆಯ ಬಾಯಿಂದ ಒಂದು ದೂರೂ ಬರಲಿಲ್ಲ. ದೂರು ಬಂದದ್ದು ಕಡಿಮೆ ದರದ ಬಗ್ಗೆ, ರಾತ್ರಿಯ ಬರವಣಿಗೆಯ ಬಗ್ಗೆ, ಮೊಮ್ಮಗುವಿನ ಬಗ್ಗೆ. ಮಗುವಿನ ದೇಹ, ಉಸಿರು, ನಿದ್ದೆಯನ್ನು ಕಾಯುವ ನಿಯಮಗಳಲ್ಲಿ ಒಂದನ್ನೂ ಸಡಿಲಿಸಬಾರದು. ಅಂಥ ನಿಯಮ ಪಾಲಿಸುವವಳಿಗೆ ಕೊಡುವ ಸಂಬಳದಲ್ಲಿ ಮಾತ್ರ ಸರ್ಕಾರ ಜಿಪುಣತನ ತೋರಿದರೆ, ಕೊನೆಗೆ ಉಳಿಯುವುದು ನಿಯಮಪುಸ್ತಕ; ಪಾಲಿಸುವ ಮನೆ ಇರುವುದಿಲ್ಲ.

ಇಂಗ್ಲೆಂಡಿಗೆ ಪುಟ್ಟ ಮಕ್ಕಳೊಂದಿಗೆ ಹೊರಟಿರುವ ಕನ್ನಡದ ತಂದೆತಾಯಿಗೆ ಒಂದು ಮಾತು. ‘ನಮ್ಮವರೇ, ಕಡಿಮೆಗೆ ನೋಡಿಕೊಳ್ಳುತ್ತಾರೆ’ ಎಂಬ ಪರಿಚಯದ ಮೇಲೆ ನೋಂದಣಿಯಿಲ್ಲದ ಮನೆಗೆ ಮಗುವನ್ನು ಕಳಿಸಬೇಡಿ. ಅದು ಅವರಿಗೆ ಅಪರಾಧ, ನಿಮಗೆ ಯಾವ ರಕ್ಷಣೆಯೂ ಇಲ್ಲದ ದಾರಿ. ನೋಂದಣಿ ಸಂಖ್ಯೆ ಕೇಳಿ ಪಡೆದು ಆಫ್‌ಸ್ಟೆಡ್ ಜಾಲತಾಣದಲ್ಲಿ ವರದಿ ಓದಿ, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರದ ತಾರೀಖು ನೋಡಿ, ಮಗು ಮಲಗುವ ಕೋಣೆಯನ್ನು ನೋಡದೆ ಬರಬೇಡಿ. ವೀಸಾ ಕಾರಣಕ್ಕೆ 30 ಗಂಟೆ ಸಿಗದಿದ್ದರೂ, ಮಗುವಿಗೆ ಮೂರು ತುಂಬಿದ ನಂತರದ ಶಾಲಾ ಅವಧಿಯಿಂದ ವಾರಕ್ಕೆ 15 ಗಂಟೆ, ವರ್ಷಕ್ಕೆ 38 ವಾರ, ಇಂಗ್ಲೆಂಡಿನಲ್ಲಿ ವಾಸಿಸುವ ಪ್ರತಿ ಮಗುವಿಗೂ ಉಚಿತ. ಅದಕ್ಕೆ ತಂದೆತಾಯಿಯ ವೀಸಾ ಯಾವುದೆಂದು ಕೇಳುವುದಿಲ್ಲ.